ನೀಲಿ ಬಂದರೆ ಊಟ

ಉಂಡ ಮನೆಯ ಜಂತಿ ಎಣಿಸಬಾರದು ಅಂತ ಹಿರಿಯರು ಹೇಳಿ ಹೋದರು. ಉಣ್ಣುವ ಮೊದಲೇ ಎಣಿಸುವ ಕಾಲ ಬರುತ್ತದೆ ಅಂತ ಪಾಪ, ಅವರಿಗೆ ಹೊಳೆದಿರಲಿಕ್ಕಿಲ್ಲ. ಆ ಭಾನುವಾರ ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ, ಗಂಡನ ಕಡೆಯ ಬಸುರಿ ಹುಡುಗಿಯೊಬ್ಬಳ ಕುಬಸದ, ಅಂದರೆ ಸೀಮಂತದ, ಊಟಕ್ಕೆ ಕೂತಿದ್ದ ಶಕುಂತಲಾ ಹೆಬಸೂರ ಎದುರಿನ ಪಂಕ್ತಿಯನ್ನು ನೋಡಿ ಮುಖ ಕಿವುಚಿದಳು. ಎಲೆಯ ಮೇಲೆ ಬದನೆಕಾಯಿ ಎಣ್ಣೆಗಾಯಿ ಬಿದ್ದದ್ದೇ ತಡ, ಇಡೀ ಸಾಲು ಜೇಬಿಗೆ ಕೈ ಹಾಕಿ ಚೀಟಿ ತೆಗೆಯಿತು. ಒಬ್ಬರು ಎಣ್ಣೆಗಾಯಿಯಲ್ಲಿ ಅದ್ದಿದರು, ಒಬ್ಬರು ಕೋಸಂಬರಿಯ ನೀರು ಹಿಂಡಿದರು, ಇನ್ನೊಬ್ಬ ಮಹಾನುಭಾವ ಮಜ್ಜಿಗೆಯಲ್ಲಿ ಅದ್ದಿದ ಚೀಟಿಯನ್ನೇ ಒಂದು ಸಲ ನೆಕ್ಕಿ, ಆಮೇಲೆ ಮಡಚಿ ಒತ್ತಿ ಹಿಡಿದ. ಮೂರು ನಿಮಿಷ ಎಲ್ಲರೂ ಚೀಟಿ ಒತ್ತಿ ಹಿಡಿದು ಕೂತರು. ಆಮೇಲೆ 'ನೀಲಿ, ನೀಲಿ' ಅಂತ ಸಾಲಿನ ತುಂಬ ಗುಜುಗುಜು ಎದ್ದಿತು. ಒದ್ದೆ ಚೀಟಿಗಳನ್ನು ಉಪ್ಪಿನಕಾಯಿಯ ಪಕ್ಕದಲ್ಲೇ ಎಲೆಯ ತುದಿಗೆ ಅಂಟಿಸಿ ಜನ ಉಣ್ಣತೊಡಗಿದರು. ಅಲ್ಲಿಯತನಕ ಉಸಿರು ಬಿಗಿಹಿಡಿದು ನಿಂತಿದ್ದ ಹುಡುಗಿಯ ತಾಯಿ ಈಗ ತುಪ್ಪದ ಪಾತ್ರೆ ಎತ್ತಿಕೊಂಡಳು.

"ಥೂ," ಅಂದಳು ಶಕುಂತಲಾ, ತನಗಷ್ಟೇ ಕೇಳುವಂತೆ.

ಹಾಗೆ ಥೂ ಅನ್ನಲಿಕ್ಕೆ ಅವಳಿಗೇನೂ ಅಧಿಕಾರವಿರಲಿಲ್ಲ. ಆ ಚೀಟಿಯನ್ನು ಕಂಡುಹಿಡಿದವಳೇ ಅವಳು.

"ಇವರ ನೋಡ್ರಿ ನೀಲಿಚೀಟಿ ಬಾಯಾರು," ಅಂತ ಪಕ್ಕದಲ್ಲಿದ್ದ ಮುದುಕಿ ಎಲ್ಲರಿಗೂ ತೋರಿಸಿದಳು. "ಇವರ ಪುಣ್ಯಾದಿಂದನ ನಾವು ಧೈರ್ಯದ್ಲೆ ತುತ್ತ ಎತ್ತಾಕತ್ತೇವಿ." ಅವಳ ಎಲೆಯ ಮೇಲಿದ್ದ ಚೀಟಿ ಸಾರಿನಲ್ಲಿ ತೇಲುತ್ತಿತ್ತು. ಶಕುಂತಲಾ ಒಂದು ತುತ್ತನ್ನೂ ಎತ್ತಲಿಲ್ಲ.

ಆ ಚೀಟಿಯಲ್ಲಿ ಏನಿದೆ ಅಂತ ಗೊತ್ತಾಗಿದ್ದರೆ ಈ ಜನ ಎಲೆ ಬಿಟ್ಟು ಎದ್ದು ಓಡುತ್ತಿದ್ದರು. ಅದರಲ್ಲಿದ್ದದ್ದು ನೊಣದ ತಲೆ. ಬೆಳೆಗೆ ಹೊಡೆಯುವ ಕೀಟನಾಶಕ ನೊಣದ ನರದೊಳಗಿನ ಒಂದು ಕಿಣ್ವವನ್ನು ಹಿಡಿದು ಕಟ್ಟಿಹಾಕುತ್ತದೆ. ನೊಣ ಸಾಯುವುದು ಹಾಗೆ. ಮನುಷ್ಯ ಸಾಯುವುದೂ ಹಾಗೆಯೇ, ಸ್ವಲ್ಪ ತಡವಾಗಿ. ಆ ಕಿಣ್ವವನ್ನು ಕಾಗದದ ಒಂದು ಮಗ್ಗುಲಿಗೆ ಸವರಿ, ಇನ್ನೊಂದು ಮಗ್ಗುಲಿಗೆ ಬಣ್ಣವಿಲ್ಲದ ಒಂದು ಪುಡಿ ಸವರುತ್ತಿದ್ದರು. ಆಹಾರದ ನೀರು ಒಂದು ಹನಿ ಹಾಕಿ, ಮಡಚಿ ಒತ್ತಿದರೆ, ಕಿಣ್ವಕ್ಕೆ ಇನ್ನೂ ಜೀವವಿದ್ದರೆ ಅದು ಪುಡಿಯನ್ನು ಒಡೆದು ನೀಲಿ ಮಾಡುತ್ತದೆ. ವಿಷವಿದ್ದರೆ ಕಿಣ್ವ ಸತ್ತು ಕಾಗದ ಬಿಳಿಯಾಗಿಯೇ ಉಳಿಯುತ್ತದೆ. ನೀಲಿ ಬಂದರೆ ಊಟ, ಬಿಳಿ ಉಳಿದರೆ ತಿಪ್ಪೆ. ಓದುಬರಹ ಬಾರದವರಿಗೂ ತಿಳಿಯುವಷ್ಟು ಸುಲಭ.

ದಿನಕ್ಕೆ ಎರಡು ಕೋಟಿ ಚೀಟಿಗೆ ಎಷ್ಟು ನೊಣ ಬೇಕು, ಲೆಕ್ಕ ಹಾಕಿ. ನೀಲಿಚೀಟಿ ಕೇಂದ್ರದ ಹಿಂಬದಿಯಲ್ಲಿ ನೊಣ ಸಾಕುವ ಹದಿನೆಂಟು ಕೋಣೆಗಳಿದ್ದವು. ತೌಡು, ಹಾಲಿನಪುಡಿ ಕಲಸಿದ ತಟ್ಟೆಗಳಲ್ಲಿ ಹುಳ ಮಿಜಿಮಿಜಿ ಅನ್ನುತ್ತಿದ್ದವು. ಬೆಳೆದ ನೊಣಗಳನ್ನು ಹಿಮಗಟ್ಟಿಸಿ ಜರಡಿಯಲ್ಲಿ ಅಲ್ಲಾಡಿಸಿದರೆ ತಲೆಗಳು ಕಳಚಿ, ಗಸಗಸೆಯಂತೆ ಕೆಳಗೆ ಉದುರುತ್ತಿದ್ದವು. ಕಡತದಲ್ಲಿ ಇದಕ್ಕೆ 'ಜೈವಿಕ ಮೂಲ' ಅಂತ ಹೆಸರು. ಆ ವಾಸನೆ ಶಕುಂತಲಾಳ ಸೀರೆಗೆ, ಕೂದಲಿಗೆ, ಕೊನೆಗೆ ಗಂಟಲಿಗೂ ಹತ್ತಿ ಕೂತು ಆರು ವರ್ಷವಾಗಿತ್ತು. ಮನೆಗೆ ಬಂದವಳೇ ತಲೆಗೆ ಸ್ನಾನ ಮಾಡುತ್ತಿದ್ದಳು. "ದಿನಾ ಯಾರು ಸಾಯತಾರವಾ ನಿಮ್ಮ ಆಫೀಸಿನ್ಯಾಗ?" ಅಂತ ಅತ್ತೆ ತಂಗೆವ್ವ ಚೇಷ್ಟೆ ಮಾಡುತ್ತಿದ್ದಳು.

ಕಾಯ್ದೆ ಬಂದು ಆರನೆಯ ವರ್ಷ ಅದು. ಸಂತೆಯ ಬಾಗಿಲಲ್ಲಿ ಇಲಾಖೆಯವರು ಒತ್ತಿದ ನೀಲಿಚೀಟಿ ಅಂಟಿಸದೆ ತರಕಾರಿ ಒಳಗೆ ಬರುವಂತಿರಲಿಲ್ಲ. ಮನೆಯಲ್ಲಿ ಜನ ತಾವೇ ಒತ್ತಿ, ಆ ದಿನದ ಚೀಟಿಯನ್ನು ಇಟ್ಟುಕೊಳ್ಳುತ್ತಿದ್ದರು. ಆಸ್ಪತ್ರೆಗಳಲ್ಲಂತೂ ಚೀಟಿಯೇ ದೊಡ್ಡ ಡಾಕ್ಟರು. ವಿಷಕ್ಕೆ ಕೊಡುವ ಮದ್ದು ಒಂದು ಉಕ್ಕಿನ ಪೆಟ್ಟಿಗೆಯಲ್ಲಿರುತ್ತಿತ್ತು. ಆ ಪೆಟ್ಟಿಗೆಗೆ ಒಂದು ಗಾಜಿನ ಕಣ್ಣು. ಬಿಳಿ ಚೀಟಿ ತೋರಿಸಿದರೆ ಬಾಗಿಲು ತೆರೆಯುತ್ತದೆ, ನೀಲಿ ತೋರಿಸಿದರೆ ಇಲ್ಲ. ಹಿಂದೆ ಡಾಕ್ಟರುಗಳು ಸುಮ್ಮಸುಮ್ಮನೆ ಮದ್ದು ಚುಚ್ಚಿ ಜನ ಸತ್ತಿದ್ದರಂತೆ, ಅದಕ್ಕೆ ಈ ವ್ಯವಸ್ಥೆ. ಈ ಪೆಟ್ಟಿಗೆಯ ಸಮಿತಿಯಲ್ಲೂ ಶಕುಂತಲಾ ಇದ್ದಳು. ಸಹಿ ಹಾಕಿ, ಅವತ್ತು ಕೊಟ್ಟ ಗೋಡಂಬಿ ತಿಂದು ಬಂದಿದ್ದಳು.

*

ಮಂಗಳವಾರ ಹನ್ನೊಂದರ ಹೊತ್ತಿಗೆ ಗಂಡ ಚನ್ನಬಸು ಫೋನು ಮಾಡಿದ. ರೈಲ್ವೆ ವರ್ಕ್‌ಶಾಪಿನ ಫೋರಮನ್. ಯಾವತ್ತೂ ದನಿ ಏರಿಸದವನು. ಅವತ್ತು ಕಿರಿಚುತ್ತಿದ್ದ.

"ಲಗೂನ ಆಸ್ಪತ್ರಿಗೆ ಬಾ. ಅವ್ವಗ ಹೆಂಗೆಂಗೋ ಆಗಾಕತ್ತೈತಿ. ಬಾಯಾಗ ಬುರುಗು ಬರಾಕತ್ತೈತಿ."

ತಂಗೆವ್ವನಿಗೆ ಎಪ್ಪತ್ತೊಂದು. ಮುಂಜಾನೆ ಎರಡು ಬಿಸಿ ರೊಟ್ಟಿ, ಕಡಲೆಹಿಟ್ಟಿನ ಜುಣಕ, ಮೇಲೊಂದು ಹಿಡಿ ಹಸಿ ಹಕ್ಕರಕಿ ಸೊಪ್ಪು, ಇಷ್ಟಿಲ್ಲದೆ ಆಕೆಗೆ ಬೆಳಗಾಗುತ್ತಿರಲಿಲ್ಲ. ಬೇಯಿಸಿದ ಸೊಪ್ಪು ಬೇನೆಯವರಿಗೆ ಅನ್ನುತ್ತಿದ್ದಳು. ಅವತ್ತು ಬೆಳಿಗ್ಗೆ ತಿಂದಿದ್ದಳು. ಒಂಬತ್ತಕ್ಕೆ ಹೊಟ್ಟೆ ನುಲಿಯಿತು. ಹತ್ತಕ್ಕೆ ಅಂಗಳದಲ್ಲಿ ಬಿದ್ದಳು.

ವಾರ್ಡಿನಲ್ಲಿ ಶಕುಂತಲಾ ಕಂಡದ್ದು ಬೇರೆಯೇ ತಂಗೆವ್ವನನ್ನು. ಬೆವರಿನಿಂದ ಕುಪ್ಪಸ ತೊಯ್ದು ಮೈಗೆ ಅಂಟಿತ್ತು. ಮಲ, ಮೂತ್ರ, ವಾಂತಿ ಎಲ್ಲವೂ ಒಟ್ಟಿಗೆ ಆಗಿ ಹಾಸಿಗೆಯ ರಬ್ಬರು ಹಾಳೆಯ ಮೇಲೆ ಹರಿದಿತ್ತು. ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯುತ್ತಿತ್ತು. ಕೆನ್ನೆಯ, ತೋಳಿನ ಮಾಂಸಖಂಡಗಳು ತಮ್ಮಷ್ಟಕ್ಕೆ ತಾವೇ ಪಟಪಟ ಹಾರುತ್ತಿದ್ದವು. ಕೆಳಗಿದ್ದ ಬೇಸಿನ್ನಿನಲ್ಲಿ ಅರ್ಧಂಬರ್ಧ ಅಗಿದ ಹಸಿರು ಸೊಪ್ಪು ಲೋಳೆಯಲ್ಲಿ ತೇಲುತ್ತಿತ್ತು. ಅದರಿಂದ ಬೆಳ್ಳುಳ್ಳಿ ಕೊಳೆತಂಥ ಒಂದು ವಾಸನೆ ಎದ್ದು ಮೂಗಿಗೆ ಬಡಿಯಿತು. ಶಕುಂತಲಾಳಿಗೆ ಆ ವಾಸನೆ ಗೊತ್ತಿತ್ತು. ಕೇಂದ್ರದ ಕಪಾಟಿನಲ್ಲಿ, ಎರಡು ಮುಚ್ಚಳದ ಸೀಸೆಗಳಲ್ಲಿ ಅದೇ ವಾಸನೆ ಇಟ್ಟಿದ್ದರು.

"ಇದು ಕೀಟನಾಶಕ," ಅಂದಳು. "ಅಟ್ರೋಪಿನ್ ಮದ್ದು ಎಷ್ಟು ಕೊಟ್ಟೀರಿ?"

ಡಾಕ್ಟರ್ ನಸ್ರೀನ್ ಮುಲ್ಲಾ ಎಂಬ ಚಿಕ್ಕ ವಯಸ್ಸಿನ ವೈದ್ಯೆ ತಲೆ ತಗ್ಗಿಸಿದಳು. "ಕೊಟ್ಟಿಲ್ರಿ ಮೇಡಂ."

"ಯಾಕ?"

"ಚೀಟಿ ನೀಲಿ ಬಂದೈತ್ರಿ. ಮನೀಯಿಂದ ತಂದದ್ದೂ ನೀಲಿ, ಇಲ್ಲೆ ವಾಂತಿಗೆ ಹಾಕಿ ನೋಡಿದ್ದೂ ನೀಲಿ. ಎರಡು ಸಲ ನೀಲಿ ಆದ್ರ ಪೆಟ್ಟಿಗಿ ಒಂದು ದಿನ ಆ ಪೇಷಂಟಿಗೆ ತಗಿಯೂದಿಲ್ಲ."

"ಕಣ್ಣು ನೋಡೀರೇನು?"

"ನೋಡೀನ್ರಿ. ಕಣ್ಣಿನ ಪಾಪಿ ಸೂಜಿಮೊನಿ ಆಗ್ಯಾವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರಿ? ನನಗ ಗೊತ್ತಾಗತೈತಿ. ಪೆಟ್ಟಿಗಿಗೆ ಗೊತ್ತಾಗಬೇಕಲ್ರೀ." ಹುಡುಗಿಯ ಕಣ್ಣಲ್ಲಿ ನೀರಿತ್ತು. "ಈ ತಿಂಗಳದಾಗ ಇವರು ಐದನೇದವರು. ಉಳಿದ ನಾಕೂ ಮಂದೀಗೆ ನಾವು ವಾಂತಿಭೇದಿ ಅಂತ ಬರದ್ವಿ."

"ಅವರು ಹೆಂಗದಾರ?"

ನಸ್ರೀನ್ ಎದುರಿನ ಖಾಲಿ ಹಾಸಿಗೆಗಳ ಕಡೆ ನೋಡಿದಳು. ಅದೇ ಉತ್ತರ.

ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಸಣ್ಣ ಅಕ್ಷರ ಬೆಳಗುತ್ತಿದ್ದವು: 'ನೀಲಿ ದಾಖಲಾಗಿದೆ. ವಿಷವಿಲ್ಲ.' ಆ ವಾಕ್ಯವನ್ನು ಬರೆದುಕೊಟ್ಟವಳೂ ಶಕುಂತಲಾಳೇ. ವಾಕ್ಯ ಚಿಕ್ಕದಾಗಿರಲಿ, ಗೊಂದಲ ಬೇಡ ಅಂತ ಸಮಿತಿಯಲ್ಲಿ ಒತ್ತಾಯ ಮಾಡಿದ್ದಳು. 

ತಂಗೆವ್ವನ ಎದೆಯಲ್ಲಿ ಗೊರಗೊರ ಶಬ್ದ ಶುರುವಾಗಿತ್ತು. ಶ್ವಾಸಕೋಶಕ್ಕೆ ನೀರು ಇಳಿಯುತ್ತಿದೆ, ಇನ್ನು ಅರ್ಧ ಗಂಟೆ ಹೀಗೇ ಬಿಟ್ಟರೆ ಮುದುಕಿ ತನ್ನ ನೀರಿನಲ್ಲಿ ತಾನೇ ಮುಳುಗುತ್ತಾಳೆ. ಚನ್ನಬಸು ತಾಯಿಯ ಪಾದ ತಿಕ್ಕುತ್ತಾ, "ನಿನ್ನ ಚೀಟಿ ಸುಳ್ಳು ಹೇಳೂದಿಲ್ಲಲ್ಲ, ಶಕುಂತಲಾ? ನೀಲಿ ಅಂದ್ರ ಬ್ಯಾರೆ ಏನರ ಇರಬೇಕು, ಹೌದಿಲ್ಲೊ?" ಅಂದ. ಅವನು ಆಸೆಯಿಂದಲೇ ಕೇಳಿದ್ದ. ಅವಳ ಮೈಯೆಲ್ಲ ಉರಿಯಿತು.

"ಎಲ್ಲೆ ಅದಾವ ಚೀಟಿ? ಕೊಡ್ರಿಲ್ಲೆ."

*

ಎರಡು ಚೀಟಿಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದಳು. ಪ್ರತಿ ಚೀಟಿಯಲ್ಲೂ ಎರಡು ಚುಕ್ಕೆ. ಒಂದಕ್ಕೆ ಶುದ್ಧ ನೀರು, ಇನ್ನೊಂದಕ್ಕೆ ಪರೀಕ್ಷೆ ಮಾಡಬೇಕಾದ ವಸ್ತು. ಚೀಟಿ ಹಾಳಾಗಿಲ್ಲ ಅಂತ ತೋರಿಸಲು ನೀರಿನ ಚುಕ್ಕೆ ಯಾವಾಗಲೂ ನೀಲಿಯಾಗಬೇಕು. ಎರಡರಲ್ಲೂ ಎರಡೂ ಚುಕ್ಕೆ ನೀಲಿಯೇ. ತಪ್ಪೇನೂ ಇಲ್ಲ. ಪೆಟ್ಟಿಗೆಯ ಗಾಜಿನ ಕಣ್ಣಿಗೆ ಅಷ್ಟೇ ಬೇಕಾದದ್ದು.

ಆದರೆ ನೀಲಿ ಚುಕ್ಕೆಯೊಳಗೆ ನಿಂತಿರಲಿಲ್ಲ. ಹನಿ ಬಿದ್ದ ಜಾಗ ದಾಟಿ ಸುತ್ತಲೂ ಹರಡಿತ್ತು, ಮತ್ತು ಆ ಹರಡುವಿಕೆಗೆ ಒಂದು ಆಕಾರವಿತ್ತು. ಶಕುಂತಲಾ ಕನ್ನಡಕ ತೆಗೆದು ಚೀಟಿಯನ್ನು ಮೂಗಿನ ಹತ್ತಿರ ತಂದಳು. ಗೆರೆ, ಗೆರೆ, ಸುಳಿ ಸುತ್ತಿದ ಗೆರೆ. ಅದು ಹೆಬ್ಬೆರಳು. ಮನೆಯ ಚೀಟಿಯಲ್ಲಿ ಒಂದು ಸಣ್ಣ ಹೆಬ್ಬೆರಳು, ಆಸ್ಪತ್ರೆಯ ಚೀಟಿಯಲ್ಲಿ ಒಂದು ದಪ್ಪ ಹೆಬ್ಬೆರಳು.

"ವಾಂತಿಯ ಚೀಟಿ ಯಾರು ಒತ್ತಿದ್ರು?"

"ನಾನ್ರಿ ಬಾಯಾರ," ಅಂದ ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಫಕೀರಪ್ಪ. ಐವತ್ತು ದಾಟಿದ ಮನುಷ್ಯ. ಎಡ ಅಂಗೈಯಲ್ಲಿ ತಂಬಾಕು ಇಟ್ಟುಕೊಂಡು, ಅದಕ್ಕೆ ಸುಣ್ಣ ಹಚ್ಚಿ, ಬಲ ಹೆಬ್ಬೆರಳಿನಿಂದ ತಿಕ್ಕುತ್ತಾ ನಿಂತಿದ್ದ. ಅವಳು ನೋಡಿದ್ದು ಕಂಡು ಗಾಬರಿಯಾಗಿ ಕೈ ಹಿಂದೆ ಮಾಡಿದ. "ಗ್ಲೌಸ್ ಹಾಕ್ಕೊಂಡಿದ್ದಿಲ್ರಿ. ನಿಮ್ಮ ಪುಸ್ತಕದಾಗ ಹಂಗ ಬರದೈತ್ರಿ, ಬರಿಗೈಲೆ ಒತ್ತಬೇಕಂತ."

ಬರೆದಿತ್ತು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮೂರು ನಿಮಿಷ ಒತ್ತಿ ಹಿಡಿಯಿರಿ, ಮೈಶಾಖ ತಾಗಿದರೆ ಕಿಣ್ವ ಚುರುಕಾಗುತ್ತದೆ, ಕೈಗವಸು ಬೇಡ. ಪಕ್ಕದಲ್ಲಿ ಚಿತ್ರವೂ ಇತ್ತು, ಬೆಳ್ಳಗಿನ ಚೊಕ್ಕ ಹೆಬ್ಬೆರಳಿನದು. ಬಡವರ ಮನೆಯಲ್ಲಿ ಯಂತ್ರವಿಲ್ಲ, ಆದರೆ ಬೆರಳಿದೆಯಲ್ಲ ಅಂತ ಶಕುಂತಲಾ ಆ ಉಪಾಯಕ್ಕೆ ಬಹುಮಾನ ಕೂಡ ತೆಗೆದುಕೊಂಡಿದ್ದಳು. ಪ್ರಯೋಗಾಲಯದಲ್ಲಿ ನಲವತ್ತು ಸಾವಿರ ಸಲ ಪರೀಕ್ಷೆ ಮಾಡಿದ್ದರು, ಪ್ರತಿ ಸಲವೂ ಸ್ಪಿರಿಟ್ಟಿನಲ್ಲಿ ಒರೆಸಿದ ಬೆರಳಿನಿಂದ. ಊರ ಬೆರಳು ಹೇಗಿರುತ್ತದೆ ಅಂತ ಒಂದು ಸಲವಾದರೂ ಹೊರಗೆ ಬಂದು ನೋಡಿರಲಿಲ್ಲ.

ಆ ಪುಡಿಯನ್ನು ನೀಲಿ ಮಾಡಲಿಕ್ಕೆ ನೊಣದ ಕಿಣ್ವವೇ ಆಗಬೇಕೆಂದಿಲ್ಲ. ಒದ್ದೆ ಕಾಗದದ ಮೂಲಕ ಒಳಗಿಳಿದ ಸುಣ್ಣ ತಾಗಿದರೂ ಅದು ಒಡೆದು ನೀಲಿಯಾಗುತ್ತದೆ. ಇದು ಕಾಲೇಜಿನ ಎರಡನೆಯ ವರ್ಷದ ರಸಾಯನಶಾಸ್ತ್ರ. ಅವಳೇ ಮೂರು ವರ್ಷ ಪಾಠ ಮಾಡಿದ್ದಳು.

ತಂಗೆವ್ವನ ಬಲಗೈ ಎತ್ತಿ ನೋಡಿದಳು. ಹೆಬ್ಬೆರಳಿನ ಗೆರೆಗಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ ಬೆಳ್ಳಗೆ ಸುಣ್ಣ ಕೂತಿತ್ತು. ಮುದುಕಿ ದಿನಕ್ಕೆ ಎಂಟು ಸಲ ತಂಬಾಕು ತಿಕ್ಕುವವಳು. ಆರು ವರ್ಷ ಆ ಮನೆಯ ಚೀಟಿಯನ್ನು ಒತ್ತುತ್ತಿದ್ದವಳು ಆಕೆಯೇ. "ನಮ್ಮನ್ಯಾಗ ಒಂದು ದಿನಾನೂ ಬಿಳಿ ಬಂದಿಲ್ಲ ನೋಡವಾ, ಸೊಸಿ ಕಾಲ್ಗುಣ," ಅಂತ ಓಣಿಯ ತುಂಬ ಹೇಳಿಕೊಂಡು ಬಂದಿದ್ದಳು. ಸಂತೆಯ ಬಾಗಿಲಲ್ಲಿ ಕೂತು ಒತ್ತುವ ಇಲಾಖೆಯ ನೌಕರರು ಶಕುಂತಲಾಳ ಕಣ್ಣೆದುರು ಸಾಲಾಗಿ ಬಂದರು. ಎಲ್ಲರ ದವಡೆಯಲ್ಲೂ ತಂಬಾಕು, ಎಲ್ಲರ ಹೆಬ್ಬೆರಳಲ್ಲೂ ಸುಣ್ಣ.

ಛೀ! ಆರು ವರ್ಷ ಊರಿಗೆ ಊರೇ ನೊಣದ ತಲೆಯನ್ನೂ ವಿಷವನ್ನೂ ಒಟ್ಟಿಗೆ ನುಂಗಿ, ಅವಳಿಗೆ ಕೈ ಮುಗಿದಿತ್ತು.

"ಫಕೀರಪ್ಪ, ಎರಡು ಹೊಸ ಚೀಟಿ ತಗೊಂಡ ಬಾ. ಲಗೂ."

ನಲ್ಲಿಯಡಿ ನಿಂತು ಕೈ ಉಜ್ಜಿದಳು. ಸೋಪು, ಆಮೇಲೆ ನಿಂಬೆಹುಳಿ, ಆಮೇಲೆ ಬರೀ ನೀರು, ಚರ್ಮ ಕೆಂಪಾಗುವ ತನಕ. ಬೇಸಿನ್ನಿಗೆ ಬಾಗಿ ಆ ಲೋಳೆಯನ್ನು ಚಮಚೆಯಿಂದ ತೆಗೆದು, ಹತ್ತಿಯಲ್ಲಿ ಸೋಸಿ, ತಿಳಿಯನ್ನು ಎರಡೂ ಚೀಟಿಗೆ ಒಂದೊಂದು ಹನಿ ಹಾಕಿದಳು. ಬಂದ ವಾಕರಿಕೆಯನ್ನು ನುಂಗಿಕೊಂಡಳು. ಒಂದು ಚೀಟಿಯನ್ನು ತಾನು ಒತ್ತಿ ಹಿಡಿದಳು. ಇನ್ನೊಂದನ್ನು ತಂಗೆವ್ವನ ಹಾರುತ್ತಿದ್ದ ಬೆರಳುಗಳ ನಡುವೆ ಇಟ್ಟು, ಮೇಲಿನಿಂದ ಚನ್ನಬಸು ಒತ್ತಿ ಹಿಡಿದ. ನಸ್ರೀನ್ ಗಡಿಯಾರ ನೋಡಿದಳು. 

ಮೂರು ನಿಮಿಷಕ್ಕೆ ಬಿಚ್ಚಿದರು. ತಂಗೆವ್ವನದು ಕಡುನೀಲಿ, ಹೆಬ್ಬೆರಳಿನ ಸುಳಿ ಸಮೇತ. ಶಕುಂತಲಾಳದು ನೀರಿನ ಚುಕ್ಕೆ ನೀಲಿ, ವಾಂತಿಯ ಚುಕ್ಕೆ ಅಕ್ಕಿ ಹಪ್ಪಳದಂತೆ ಬೆಳ್ಳಗೆ.

"ಯಾ ಅಲ್ಲಾ," ಅಂದಳು ನಸ್ರೀನ್.

ಪೆಟ್ಟಿಗೆ ಒಪ್ಪಲಿಲ್ಲ. ಎರಡು ನೀಲಿ ಆದ ಮೇಲೆ ಬಿಳಿ ತೋರಿಸಿದರೂ ಅದು ತೆರೆಯುವಂತಿರಲಿಲ್ಲ, ಕೇಂದ್ರದ ಹಿರಿಯ ವಿಜ್ಞಾನಿಯೊಬ್ಬರು ತಮ್ಮ ಸಂಖ್ಯೆ ಒತ್ತಿ, ಕಾರಣ ಬರೆಯಬೇಕಿತ್ತು. ಬರೆದದ್ದು ಅದೇ ಗಳಿಗೆಗೆ ನಿರ್ದೇಶಕರಿಗೆ, ರಾಜ್ಯದ ಎಲ್ಲ ಆಸ್ಪತ್ರೆಯ ಪೆಟ್ಟಿಗೆಗಳಿಗೆ ಹೋಗುತ್ತಿತ್ತು. ಶಕುಂತಲಾ ಸಂಖ್ಯೆ ಒತ್ತಿದಳು. ಕಾರಣದ ಜಾಗದಲ್ಲಿ ಬರೆದಳು: 'ಸುಣ್ಣ ತಾಗಿದ ಕೈಯಿಂದ ಒತ್ತಿದ ಚೀಟಿ ಸುಳ್ಳು ನೀಲಿ ತೋರಿಸುತ್ತದೆ. ಹಿಂದಿನ ಯಾವ ನೀಲಿಯನ್ನೂ ನಂಬಬೇಡಿ. ರೋಗಿಯ ಕಣ್ಣು ನೋಡಿ ಮದ್ದು ಕೊಡಿ.'

ಬಾಗಿಲು ಕಟಕ್ ಅಂತ ತೆರೆಯಿತು.

ಮೊದಲ ಚುಚ್ಚುಮದ್ದು ಒಳಗೆ ಹೋಗುವಷ್ಟರಲ್ಲೇ ಫೋನು ಬಂತು. ಕೇಂದ್ರದ ನಿರ್ದೇಶಕ ಪ್ರಹ್ಲಾದ ಗಲಗಲಿ.

"ಶಕುಂತಲಾ, ಏನಿದು ಹುಚ್ಚಾಟ? ಆ ಬರಹ ಮೊದಲ ತಗೀರಿ. ದಿನಾ ಎರಡು ಕೋಟಿ ಚೀಟಿ ಒತ್ತತಾರ ಮಂದಿ. ಎಲ್ಲಾ ಸುಳ್ಳು ಅಂದ್ರ ನಾಳೆ ಏನ್ ತಿನ್ಬೇಕವರು?"

"ಇಷ್ಟು ದಿವಸ ಏನ್ ತಿಂದಾರ ಅಂತ ಮೊದಲ ಕೇಳ್ರಿ ಸರ್."

"ನಿಮ್ಮ ಕೆಲಸ ಹೋಗತದ."

"ಹೋಗ್ಲಿ ಬಿಡ್ರಿ. ಇಲ್ಲೆ ನಮ್ಮತ್ತಿ ಹೋಗಾಕತ್ತಾರ."

ಫೋನನ್ನು ಚೀಲಕ್ಕೆ ಎಸೆದು ಹಾಸಿಗೆಯ ಪಕ್ಕ ಕೂತಳು. ಐದು ನಿಮಿಷಕ್ಕೊಂದು ಚುಚ್ಚು. ಎರಡನೆಯದು, ನಾಲ್ಕನೆಯದು, ಒಂಬತ್ತನೆಯದು. ಮಧ್ಯಾಹ್ನದ ಹೊತ್ತಿಗೆ ಜೊಲ್ಲು ನಿಂತಿತು. ಎದೆಯ ಗೊರಗೊರ ತಿಳಿಯಾಯಿತು. ಸೂಜಿಮೊನೆಯಂತಿದ್ದ ಪಾಪೆಗಳು ಅರಳಿದವು. ತಂಗೆವ್ವ ಒಣಗಿದ ನಾಲಗೆ ಹೊರಳಿಸಿ, ಮದ್ದಿನ ಅಮಲಿನಲ್ಲಿ, "ಯಾರ ಅದು ನನ್ನ ತಂಬಾಕದ ಚಂಚಿ ಕದ್ದಾಕಿ?" ಅಂತ ಗದರಿದಳು. ಚನ್ನಬಸು ನಗುತ್ತಾ ಅಳತೊಡಗಿದ. ಶಕುಂತಲಾ ಹೊರಗೆ ಹೋಗಿ ಮೋರಿಯ ಅಂಚಿನಲ್ಲಿ ಕೂತು, ಅಲ್ಲಿಯತನಕ ತಡೆದದ್ದನ್ನೆಲ್ಲ ವಾಂತಿ ಮಾಡಿದಳು.

*

ಕೆಲಸ ಹೋಗಲಿಲ್ಲ. ಸುತ್ತೋಲೆಯೊಂದು ಬಂತು, ಅಷ್ಟೇ. 'ಚೀಟಿ ಸಂಪೂರ್ಣ ಸುರಕ್ಷಿತ. ಇನ್ನು ಮುಂದೆ ತರಬೇತಿ ಪಡೆದ ಸಿಬ್ಬಂದಿ ಒತ್ತಿದ ಚೀಟಿ ಮಾತ್ರ ಅಧಿಕೃತ.' ತರಬೇತಿ ಪಡೆದ ಸಿಬ್ಬಂದಿ ಅಂದರೆ ಸಂತೆಯ ಬಾಗಿಲಿನ ಅವರೇ. ಶಕುಂತಲಾ ಬರೆದ ಮೂರು ಸಾಲನ್ನು 'ತಾಂತ್ರಿಕ ದೋಷ' ಅಂತ ಅಳಿಸಿ, ಪೆಟ್ಟಿಗೆಗಳಿಗೆ ಮೊದಲಿನ ವಾಕ್ಯವನ್ನೇ ಹಾಕಿದರು. ನಸ್ರೀನ್ ಮಾತ್ರ ಪೆಟ್ಟಿಗೆಯ ಬೀಗ ಕೀಳಿಸಿದಳಂತೆ, ಅವಳನ್ನು ಬೇರೆ ಊರಿಗೆ ಹಾಕಿದರು.

ಅದಕ್ಕಿಂತ ಹೇಸಿಗೆಯ ಸಂಗತಿ ಆಮೇಲಿನದು. ಸುತ್ತೋಲೆಗೆ ಗಲಗಲಿಯವರು ಸಹಿ ಹಾಕಿದ ಎರಡನೆಯ ದಿನವೇ ಅವರ ಡ್ರೈವರ್ ಕೇಂದ್ರಕ್ಕೆ ಒಂದು ದೊಡ್ಡ ಚೀಲ ತಂದು ಅವಳ ಮೇಜಿನ ಮೇಲಿಟ್ಟ. ದ್ರಾಕ್ಷಿ, ಬದನೆಕಾಯಿ, ಹೂಕೋಸು, ಮೆಂತ್ಯಸೊಪ್ಪು.

"ಸಾಹೇಬರ ಮನೀದ್ರಿ. ನಿಮ್ಮ ಕೈಲೆ ಒಮ್ಮೆ ಒತ್ತಿ ನೋಡಬೇಕಂತ್ರಿ. ಯಾರಿಗೂ ಹೇಳಬಾರದಂತ್ರಿ."

ಮರುದಿನ ಇನ್ನೆರಡು ಚೀಲ ಬಂದವು, ಬೇರೆ ಸಾಹೇಬರವು. ಬೇಲಿ ಎದ್ದು ಹೊಲ ಮೇಯ್ದದ್ದಷ್ಟೇ ಅಲ್ಲ, ಮೇಯುವ ಮೊದಲು ಸೊಪ್ಪು ಚೊಕ್ಕ ಇದೆಯೋ ಇಲ್ಲವೋ ಅಂತ ಬೇರೆ ಕೇಳುತ್ತಿತ್ತು. ಶಕುಂತಲಾ ಕೈ ತೊಳೆದು, ಮೂರೂ ಚೀಲದ್ದನ್ನು ಒಂದೊಂದಾಗಿ ಒತ್ತಿದಳು. ಬಿಳಿ, ಬಿಳಿ, ಬಿಳಿ. ಒಂದೊಂದು ತರಕಾರಿಗೂ ಅದರದರ ಬಿಳಿ ಚೀಟಿಯನ್ನು ದಾರದಿಂದ ಕಟ್ಟಿ, ಚೀಲ ವಾಪಸು ಕಳಿಸಿದಳು. ಸಂಜೆ ಗಲಗಲಿಯವರೇ ಫೋನು ಮಾಡಿದರು. ಈ ಸಲ ದನಿಯಲ್ಲಿ ದರ್ಪವಿರಲಿಲ್ಲ.

"ಹಂಗಾದ್ರ ನಾವು ಏನ್ ತಿನ್ಬೇಕ್ರೀ ಶಕುಂತಲಾ?"

"ಸುತ್ತೋಲಿ ತಿನ್ರಿ," ಅಂದಳು.

ಅಂದದ್ದೇನೋ ಆಯಿತು. ಮನೆಯಲ್ಲಿ ಅದೇ ಪ್ರಶ್ನೆ ಕಾದಿತ್ತು. ತಂಗೆವ್ವ ಎಂಟನೆಯ ದಿನ ಮನೆಗೆ ಬಂದಳು, ಅರ್ಧ ಆಗಿಹೋಗಿದ್ದಳು. ಸುಣ್ಣದ ಸಂಗತಿಯನ್ನು ಅತ್ತೆಗೆ ತಿಳಿಸಿ ಹೇಳಿ, ಅವತ್ತಿನಿಂದ ಅಡುಗೆಮನೆಯ ಚೀಟಿಯನ್ನು ಶಕುಂತಲಾ ತಾನೇ ಒತ್ತತೊಡಗಿದಳು. ಜೋಳ ಬಿಳಿ, ತೊಗರಿಬೇಳೆ ಬಿಳಿ, ಹಾಲು ಬಿಳಿ, ಬಾಳೆಹಣ್ಣು ಬಿಳಿ. ಸೊಪ್ಪು ಕೇಳುವುದೇ ಬೇಡ. ಮೂರು ಸಲ ತೊಳೆದರೂ ಬಿಳಿ, ಕುದಿಸಿ ಆರಿಸಿದರೂ ಬಿಳಿ. ಗಿಡ ಹೀರಿಕೊಂಡ ವಿಷ ಮೇಲೆ ನೀರು ಸುರಿದರೆ ಹೋಗುವುದಿಲ್ಲ. ಇದು ಆ ಮಂಗಳವಾರದ ಸೊಪ್ಪಿನಂತೆ ಕೂಡಲೇ ಕೆಡವುವಷ್ಟಲ್ಲ, ದಿನಕ್ಕಿಷ್ಟು ಚೂರು ಚೂರು ಕೊಲ್ಲುವಂಥದ್ದು. ನೀಲಿ ಬಂದದ್ದು ಉಪ್ಪು, ಸಕ್ಕರೆ ಮತ್ತು ಎಳನೀರು.

"ನನ್ನ ಏನೂ ಕೇಳಬ್ಯಾಡ್ರಿ. ನಾನು ಕ್ಯಾಂಟೀನಿನ್ಯಾಗ ಉಂಡು ಬರತೀನಿ," ಅಂತ ಚನ್ನಬಸು ನುಣುಚಿಕೊಂಡ.

ಉಳಿದಿಬ್ಬರಿಗೆ ಇನ್ನೊಂದು ತೊಡಕಿತ್ತು. ಆ ಮನೆಯಲ್ಲಿ ಪೂಜೆಯ ಜಗಲಿಯ ಮೇಲಿನ ದೇವರಿಗೆ ಎಡೆ ಹಿಡಿಯದೆ ಹೆಣ್ಣುಮಕ್ಕಳು ಉಣ್ಣುತ್ತಿರಲಿಲ್ಲ. ಕಾಯ್ದೆ ಬಂದಾಗಿನಿಂದ ತಂಗೆವ್ವ ಎಡೆಯ ಪಕ್ಕದಲ್ಲಿ ನೀಲಿಚೀಟಿಯನ್ನೂ ಇಡುತ್ತಿದ್ದಳು. "ವಿಷ ಅಂತ ಗೊತ್ತಿದ್ದೂ ದೇವರ ಮುಂದ ಇಡತಾರೇನು?" ಅಂತ ಆಕೆಯ ವಾದ. ಹಾಗಾಗಿ ಮೂರು ದಿನ ದೇವರಿಗೂ ಎಳನೀರು, ಅತ್ತೆ ಸೊಸೆಗೂ ಎಳನೀರು. ಮೂರನೆಯ ದಿನ ಸಂಜೆ ತಂಗೆವ್ವ ಗೋಡೆ ಹಿಡಿದು ನಡೆಯುತ್ತಿದ್ದಳು. ಶಕುಂತಲಾಳಿಗೆ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಸಿಟ್ಟು ಮಾತ್ರ ಕಡಿಮೆಯಾಗಿರಲಿಲ್ಲ. ಇನ್ನೂ ಯಾರ ಯಾರ ಮೇಲೋ ಕುದಿಯುತ್ತಿದ್ದಳು. ರೈತನ ಮೇಲೆ, ಇಲಾಖೆಯ ಮೇಲೆ, ಗೋಡಂಬಿ ತಿಂದು ಸಹಿ ಹಾಕಿದ ತನ್ನ ಮೇಲೆ.

ನಾಲ್ಕನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ ಹೊರಗೆ ಬಂದಾಗ ಮನೆ ತುಂಬ ರೊಟ್ಟಿಯ ವಾಸನೆ.  ತಂಗೆವ್ವ ಜಗಲಿಯ ಮುಂದೆ ಕೂತಿದ್ದಳು. ತಾಟಿನಲ್ಲಿ ಎರಡು ರೊಟ್ಟಿ, ಜುಣಕ, ತೊಳೆದಿಟ್ಟ ಹಕ್ಕರಕಿ. ಡಾಕ್ಟರು ಬೇಡ ಅಂದ ಮೇಲೆ ಆಕೆ ತಂಬಾಕು ಮುಟ್ಟಿರಲಿಲ್ಲ. ಆದರೆ ಸುಣ್ಣದ ಡಬ್ಬಿ ತೊಡೆಯ ಮೇಲೆ ತೆರೆದಿತ್ತು. ಸುಣ್ಣ ಹಚ್ಚಿದ ಹೆಬ್ಬೆರಳಿನಿಂದ ಚೀಟಿಯನ್ನು ಒತ್ತಿ ಹಿಡಿದು, ತುಟಿಯಲ್ಲೇ ಎಣಿಸುತ್ತಿದ್ದಳು.

"ಅತ್ತೀ!" ಶಕುಂತಲಾ ಸುಣ್ಣದ ಡಬ್ಬಿಗೆ ಕೈ ಹಾಕಿದಳು. "ಸತ್ತು ಬದುಕಿ ಬಂದೀರಿ. ಯಾರಿಗೆ ಮೋಸ ಮಾಡಾಕತ್ತೀರಿ ನೀವು?"

ತಂಗೆವ್ವ ಎಣಿಕೆ ಮುಗಿಸಿದಳು. ಆಮೇಲೆ ಚೀಟಿ ಬಿಚ್ಚಿ ನೋಡಿದಳು. ಕಡುನೀಲಿ. ಎಡೆಯ ಪಕ್ಕಕ್ಕಿಟ್ಟು ಎರಡೂ ಕೈ ಜೋಡಿಸಿದಳು.

"ಮೂರು ದಿವಸದಿಂದ ದೇವರು ಉಪವಾಸ ಅದಾನವಾ. ನನಗ ಗೊತ್ತೈತಿ, ನಿನಗ ಗೊತ್ತೈತಿ. ಅವಗ ಹೇಳಬ್ಯಾಡ."

ಗಂಟೆ ಬಾರಿಸಿ, ಎಡೆಯ ಸುತ್ತ ನೀರು ಬಿಟ್ಟು, ತಾಟನ್ನು ಇಬ್ಬರ ನಡುವೆ ಎಳೆದುಕೊಂಡಳು. ರೊಟ್ಟಿ ಮುರಿದು, ಜುಣಕ ಇಟ್ಟು, ಮೇಲೆ ನಾಲ್ಕು ಎಲೆ ಹಕ್ಕರಕಿ ಇಟ್ಟು ಸೊಸೆಯ ಮುಂದೆ ಚಾಚಿದಳು. 

"ಕೂಡು. ಹಸದು ಸಾಯೂದು ಅಂತೂ ಇನ್ನೂ ಹೊಲಸು ಸಾವು."

ಶಕುಂತಲಾಳಿಗೆ ಮೈಯೆಲ್ಲ ಅಸಹ್ಯವಾಯಿತು. ಆ ನೀಲಿಯ ಮೇಲೆ, ಆ ಸೊಪ್ಪಿನ ಮೇಲೆ, ಬಾಯಲ್ಲಿ ಆಗಲೇ ಊರುತ್ತಿದ್ದ ನೀರಿನ ಮೇಲೆ. ಎದ್ದು ತಾಟನ್ನು ತಿಪ್ಪೆಗೆ ಸುರಿಯಬೇಕು ಅಂದುಕೊಂಡಳು. ಕೂತಳು. ತುತ್ತನ್ನು ಬಾಯಿಗಿಟ್ಟು ಅಗಿದಳು. ಸೊಪ್ಪು ಖಾರವಾಗಿ, ಎಳೆಯದಾಗಿ, ಬಹಳ ರುಚಿಯಾಗಿತ್ತು. ಎಲ್ಲಕ್ಕಿಂತ ಅವಳಿಗೆ ಹೇಸಿಗೆಯಾದದ್ದು ಅದೇ. ಅತ್ತೆ ಎರಡನೆಯ ತುತ್ತು ಮುರಿಯುವ ಮೊದಲೇ ಅವಳು ಕೈ ಚಾಚಿದ್ದಳು.